ಸೊಂಟದ ಗೆರೆ, ಅಂಗಾಲಿನ ಮಚ್ಚೆ



ಧಾರವಾಡ ಜಿಲ್ಲೆಯ ಮೊರಬದ ಎರಿ ಹೊಲದಲ್ಲಿ ದಿನವಿಡೀ ಬಗ್ಗಿ ಹತ್ತಿ ಬಿಡಿಸುವ ತಾಯಂದಿರು ಸೀರೆ ಜಾರದಿರಲೆಂದು ಲಂಗದ ಲಾಡಿಯನ್ನು ಬಿಗಿದು ಕಟ್ಟಿರುತ್ತಾರೆ. ರಾತ್ರಿ ಬಿಚ್ಚಿದರೆ ಸೊಂಟದ ಸುತ್ತ ಕಪ್ಪು ಗೆರೆ. ಚರ್ಮದ ಕ್ಯಾನ್ಸರಿನ ಚರಿತ್ರೆಯನ್ನು ನಾನು ಆ ಗೆರೆಯಿಂದಲೇ ಹೇಳಬೇಕು.

1945ರಲ್ಲಿ ಮುಂಬೈಯ ವೈದ್ಯವಿಜ್ಞಾನಿ ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿಯವರು 'ಧೋತರದ ಕ್ಯಾನ್ಸರ್' ಎಂಬುದನ್ನು ಜಗತ್ತಿಗೆ ತಿಳಿಸಿದರು. ಬಟ್ಟೆ ಒಂದೇ ಜಾಗದಲ್ಲಿ ವರ್ಷಗಟ್ಟಲೆ ತಿಕ್ಕುತ್ತದೆ. ಬೆವರು, ಧೂಳು ಸೇರುತ್ತವೆ. ಚರ್ಮ ದಪ್ಪಗಾಗಿ, ಬಿರಿದು, ಹುಣ್ಣಾಗುತ್ತದೆ. ಸೀರೆ ಉಡುವವರಲ್ಲೂ ಇದು ಕಂಡಿತು. ಇದು ಚರ್ಮದ ಮೇಲ್ಪದರದ ಚಪ್ಪಟೆ ಕೋಶಗಳ ಕ್ಯಾನ್ಸರ್, ಅಂದರೆ ಸ್ಕ್ವೇಮಸ್ ಬಗೆ. 1775ರಲ್ಲಿ ಪರ್ಸಿವಲ್ ಪಾಟ್ ಲಂಡನ್ನಿನ ಹೊಗೆಗೂಡು ಗುಡಿಸುವವರಲ್ಲಿ ಗುರುತಿಸಿದ್ದೂ ಇದನ್ನೇ. ಅಲ್ಲಿ ಕಾರಣ ಮಸಿ. ಕಾಶ್ಮೀರದಲ್ಲಿ ಮೈಗೆ ಒತ್ತಿಕೊಳ್ಳುವ ಕಾಂಗ್ಡಿ ಎಂಬ ಕೆಂಡದ ಕುಡಿಕೆಯ ಬಿಸಿ. ಚಿಕ್ಕಂದಿನಲ್ಲಿ ಒಲೆಗೆ ಬಿದ್ದು ಸುಟ್ಟ ಕಲೆ ಮುಪ್ಪಿನಲ್ಲಿ ಒಡೆದು ಹುಣ್ಣಾದರೂ ಇದೇ ಅನುಮಾನ ಬರಬೇಕು.

ನಮ್ಮ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕಾರಣ ಬಟ್ಟೆಯಲ್ಲ, ನೀರು. ಚಿನ್ನದ ಗಣಿ ಪ್ರದೇಶದ ಆ ಊರಿನ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷ ಇತ್ತು. ಜನರ ಅಂಗೈ ಅಂಗಾಲುಗಳು ಗಂಟುಗಟ್ಟಿದ್ದವು. ಕುಡಿಯುವ ನೀರೇ ಹೀಗೆ ಮಾಡಿತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಚರ್ಮದ ಕ್ಯಾನ್ಸರಿನಲ್ಲಿ ಎರಡನೆಯದು ಮೇಲ್ಪದರದ ತಳದ ಕೋಶಗಳದು, ಅಂದರೆ ಬೇಸಲ್ ಬಗೆ. 1827ರಲ್ಲಿ ಡಬ್ಲಿನ್ನಿನ ಆರ್ಥರ್ ಜೇಕಬ್ ಕಣ್ಣುರೆಪ್ಪೆ, ಮುಖಗಳ ಮೇಲಿನ ಈ ಹುಣ್ಣನ್ನು ವಿವರಿಸಿದ. ಇದು ನಿಧಾನವಾಗಿ ಸುತ್ತಲಿನ ಮಾಂಸವನ್ನು ತಿನ್ನುತ್ತದೆ, ದೂರದ ಅಂಗಗಳಿಗೆ ಹಬ್ಬುವುದು ಅಪರೂಪ.

ಹೆಚ್ಚು ಭಯಪಡಬೇಕಾದದ್ದು ಮೂರನೆಯದಕ್ಕೆ, ಚರ್ಮಕ್ಕೆ ಬಣ್ಣ ಕೊಡುವ ಕೋಶಗಳ ಕ್ಯಾನ್ಸರಾದ ಮೆಲನೋಮಾಕ್ಕೆ. 1804ರಲ್ಲಿ ಪ್ಯಾರಿಸ್ಸಿನ ಲೆನೆಕ್ ಇದನ್ನು ಬೇರೆ ರೋಗವೆಂದು ಬಿಡಿಸಿ ಹೇಳಿದ. ಹೆಸರಿನ ಮೂಲ ಕಪ್ಪು ಎಂಬ ಗ್ರೀಕ್ ಪದ. ಬಿಸಿಲೂ ಇದಕ್ಕೊಂದು ಕಾರಣ; ನಮ್ಮ ಚರ್ಮದ ಬಣ್ಣವೇ ಅದಕ್ಕೆ ಕೊಡೆ ಹಿಡಿಯುತ್ತದೆ, ನಿಜ. ಆದರೆ ನಮ್ಮವರಲ್ಲಿ ಮೆಲನೋಮಾ ಹೆಚ್ಚಾಗಿ ಬರುವುದು ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ. ಬರಿಗಾಲಲ್ಲಿ ಓಡಾಡುವ ರೈತ ಅಂಗಾಲಿನ ಮಚ್ಚೆ ಕಂಡು 'ಜಾಲಿಮುಳ್ಳು ಮುರಿದಿರಬೇಕು' ಎಂದು ಅರಿಶಿನ ಹಚ್ಚಿ ಸುಮ್ಮನಾಗುತ್ತಾನೆ. ತೊಡೆಸಂದಿನಲ್ಲಿ ಗಡ್ಡೆ ಕಾಣುವ ಹೊತ್ತಿಗೆ ರೋಗ ಮುಂದೆ ಹೋಗಿರುತ್ತದೆ.

ತಿಂಗಳಾದರೂ ಮಾಯದ ಹುಣ್ಣು, ಬೆಳೆಯುವ ಕಪ್ಪು ಮಚ್ಚೆ ಇದ್ದರೆ ಹಿಂದೆ ಕಿಮ್ಸ್ ಎನ್ನುತ್ತಿದ್ದ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಗೋ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಹೋಗಿ. ಚೂರು ಚರ್ಮ ತೆಗೆದು ಪರೀಕ್ಷಿಸುತ್ತಾರೆ. ಮತ್ತೆ ತಾಯಂದಿರೇ, ನಾಳೆ ಹೊಲಕ್ಕೆ ಹೊರಡುವಾಗ ಲಾಡಿಯ ಬದಲು ಅಗಲ ಪಟ್ಟಿ ಕಟ್ಟಿರಿ, ಕಟ್ಟುವ ಜಾಗವನ್ನೂ ಎರಡು ಬೆರಳು ಸರಿಸಿರಿ.