ಹಣೆಯ ಪೆಟ್ಟು: ಕೊಯ್ಯುವುದು ಯಾವಾಗ, ಕಾಯುವುದು ಯಾವಾಗ

(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ವಸೂಲಿಯ ಮಾತನ್ನು ಕಾರ್ಯದರ್ಶಿಗಳು ಆಗಲೇ ಹೇಳ್ಯಾರ. ನಾವು ಕಲಿತದ್ದು ಎಸ್.ಎಸ್.ಎಲ್.ಸಿ. ತನಕ, ಡಾಕ್ಟರಲ್ಲ. ಆದರೂ ಇಂದು ಹಣೆಯ ಎಲುಬಿನ ವಿಷಯ ಹೇಳಬೇಕೆಂದು ನಿಂತಿದ್ದೇವೆ. ಯಾಕಂದರೆ ಅದು ನಮ್ಮ ಮನೆಯಲ್ಲೇ ಆಗಿ ಹೋಗಿದೆ.

ಕಬ್ಬಿನ ಹಂಗಾಮು ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ರಸ್ತೆಗಳಲ್ಲೆಲ್ಲ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರು. ಎಷ್ಟೋ ಟ್ರೇಲರಿಗೆ ಹಿಂದೆ ದೀಪ ಇರೋದಿಲ್ಲ. ರಾತ್ರಿ ಕರೆಂಟ್ ಬಂತೆಂದು ನೀರು ಹಾಯಿಸಲು ಹೊರಟ ನಮ್ಮ ತಮ್ಮ, ನಿಂತ ಟ್ರೇಲರಿಗೆ ಮೋಟಾರ್ ಸೈಕಲ್ ಸಮೇತ ಬಡಿದ. ಹೆಲ್ಮೆಟ್ ಇರಲಿಲ್ಲ. ಹುಬ್ಬಿನ ಮೇಲೆ ಹರಿದಿತ್ತು. ಅರಿಷಿಣ ಒತ್ತಿ, ಊರಲ್ಲೇ ಹೊಲಿಗೆ ಹಾಕಿಸಿದೆವು. ಎಚ್ಚರ ಇತ್ತು, ಚಹಾ ಕುಡಿದ. 'ಪಾರಾದ' ಅಂದ್ವಿ. ಮೂರನೇ ದಿನ ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿತು. ನೆಗಡಿ ಎಂದು ಮತ್ತೆರಡು ದಿನ ಕಳೆದೆವು. ಜ್ವರ ಏರಿ ಕುತ್ತಿಗೆ ಬಿಗಿದಾಗ ಬೆಳಗಾವಿಗೆ ಓಡಿದೆವು. ಅದು ನೆಗಡಿಯಲ್ಲ, ಮೆದುಳಿನ ಸುತ್ತಲಿನ ನೀರು. ತಪ್ಪು ನಮ್ಮದೇ.

ಅಲ್ಲಿ ಡಾಕ್ಟರು ತಿಳಿಯುವಂತೆ ಹೇಳಿದರು. ಹುಬ್ಬಿನ ಮೇಲೆ ಎಲುಬಿನೊಳಗೆ ಗಾಳಿ ತುಂಬಿದ ಖೋಲಿ ಇದೆ. ಅದರ ಮುಂದಿನ ಗೋಡೆ ದಪ್ಪ, ಹಿಂದಿನದು ತೆಳು. ಹಿಂದಿನ ಗೋಡೆಯ ಆಚೆಗೆ ಮೆದುಳಿನ ಪೊರೆ. ಖೋಲಿಯ ಲೋಳೆ ಮೂಗಿಗೆ ಇಳಿಯಲು ಸಣ್ಣ ದಾರಿ, ಹೊಲದ ಬಸಿಗಾಲುವೆ ಇದ್ದಂಗ. ಈ ಮೂರರಲ್ಲಿ ಯಾವುದು ಕೆಟ್ಟಿದೆ ಎಂಬುದು ಹೊರಗಿನ ಗಾಯ ನೋಡಿ ತಿಳಿಯುವುದಿಲ್ಲ, ಸಿ.ಟಿ. ಸ್ಕ್ಯಾನ್ ಬೇಕು.

ಮುಂದಿನ ಗೋಡೆ ಬರೀ ಬಿರುಕು ಬಿಟ್ಟು ಜರುಗದಿದ್ದರೆ ಕೊಯ್ಯುವುದಿಲ್ಲ. ವಿಶ್ರಾಂತಿ, ಔಷಧ, ಕೆಲವು ವಾರ ಮೂಗು ಸೀನಿಸುವಂತಿಲ್ಲ, ಮತ್ತೆ ತಪಾಸಣೆ. ಗೋಡೆ ಒಳಗೆ ತಗ್ಗಿದ್ದರೆ ಸಾಮಾನ್ಯವಾಗಿ ಒಂದೆರಡು ವಾರದೊಳಗೆ ಎತ್ತಿ ಸಣ್ಣ ಪಟ್ಟಿ, ಸ್ಕ್ರೂ ಕೂಡ್ರಿಸುತ್ತಾರೆ. ಕಲೆ ಕಾಣದಂತೆ ಕೂದಲ ಒಳಗೆ ಕೊಯ್ಯುತ್ತಾರೆ. ಬಸಿಯುವ ದಾರಿ ಮುಚ್ಚಿದರೆ ಲೋಳೆ ನಿಂತು, ವರ್ಷಗಳ ಮೇಲೆ ಗಂಟಾಗಿ ಎಲುಬನ್ನು ಸವೆಸುತ್ತದೆ. ಹಿಂದಿನ ಗೋಡೆ ಪುಡಿಯಾಗಿ ಪೊರೆ ಹರಿದಿದ್ದರೆ ಮೆದುಳಿನ ಸರ್ಜನ್ ಕೂಡ ಬೇಕು. ನೀರು ಸೋರುವುದು ತಲೆ ಎತ್ತರಿಸಿ ಮಲಗಿಸಿದರೆ ಎಷ್ಟೋ ಜನರಿಗೆ ವಾರದಲ್ಲಿ ತಾನೇ ನಿಲ್ಲುತ್ತದೆ, ನಿಲ್ಲದಿದ್ದರೆ ಆಪರೇಶನ್. ಮೊದಲು ಕೊಯ್ಯುತ್ತಿದ್ದ ಕೆಲವನ್ನು ಈಗ ಕಾದು ನೋಡುತ್ತಾರೆ, ಕೆಲವನ್ನು ಮೂಗಿನೊಳಗಿಂದಲೇ ದುರ್ಬೀನು ಹಾಕಿ ಸರಿ ಮಾಡುತ್ತಾರೆ.

ಪಕ್ಕದ ಕಾಟಿನಲ್ಲಿ ಅಥಣಿ ಕಡೆಯ ಹುಡುಗನಿದ್ದ. 'ಆಪರೇಶನ್ ಮಾಡವಲ್ಲರು, ನಮ್ಮನ್ನ ಕಡೆಗಣಿಸ್ಯಾರ' ಎಂದು ಅವರಪ್ಪ ಸಿಟ್ಟಾಗಿದ್ದ. ಹುಡುಗನಿಗೆ ಬರೀ ಮುಂದಿನ ಗೋಡೆಯ ಬಿರುಕು. ಕೊಯ್ಯದೆಯೇ ನೆಟ್ಟಗಾಗಿ ಮನೆಗೆ ಹೋದ. ನಮ್ಮ ತಮ್ಮನಿಗೆ ಸೋರುವುದು ನಿಲ್ಲಲಿಲ್ಲ, ಆಪರೇಶನ್ ಆಯಿತು. ಬದುಕಿದ. ಆದರೆ ಗಾಣದಲ್ಲಿ ಬೆಲ್ಲ ಕುದಿಯುವ ವಾಸನೆ ಅವನಿಗೆ ಇಂದಿಗೂ ಬರುವುದಿಲ್ಲ.

ಆದ್ದರಿಂದ ಬಾಂಧವರೇ, ಹಣೆಗೆ ಜೋರು ಪೆಟ್ಟು ಬಿದ್ದು ಮೂಗಿನಿಂದ ತಿಳಿನೀರು, ವಾಂತಿ, ಮಂಪರು, ಕಣ್ಣು ಮಂಜು, ಹಣೆ ತಗ್ಗು ಯಾವುದೇ ಕಂಡರೂ ತಡ ಮಾಡಬೇಡಿರಿ. ಮೂಗಿಗೆ ಅರಳೆ ತುರುಕಬೇಡಿರಿ. 108ಕ್ಕೆ ಫೋನ್ ಮಾಡಿರಿ. ಅದು 2008ರಿಂದ ನಮ್ಮ ರಾಜ್ಯದಲ್ಲಿದೆ. ಗಾಯಾಳುವಿಗೆ ನೆರವಾದರೆ ಕೇಸು ಬೀಳುತ್ತದೆಂಬ ಅಂಜಿಕೆ ಬೇಡ; 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ವಾಸಿಯಾಯಿತೆಂದು ಮರುತಪಾಸಣೆ ಬಿಡಬೇಡಿರಿ.

ಸಹಕಾರಿಗಳಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ 2018ರಲ್ಲಿ ನಿಂತು, ಮತ್ತೆ ಬಂದಿದೆ. ಯಾವ ಚಿಕಿತ್ಸೆಗೆ ಸಿಗುತ್ತದೆ, ಯಾವುದಕ್ಕಿಲ್ಲ ಎಂಬುದನ್ನು ಪೆಟ್ಟು ಬೀಳುವ ಮೊದಲೇ ಕೇಳಿ ತಿಳಿದುಕೊಳ್ಳಿರಿ. ಆಪರೇಶನ್ ಹಿಂದಿನ ದಿನ ಎಮ್ಮೆ ಮಾರಲು ಓಡಾಡಿದ ನಮಗೆ ಆ ಸಂಕಟ ಗೊತ್ತು.

ಕಡೆಗೆ ಆಡಳಿತ ಮಂಡಳಿಗೆ ಒಂದು ವಿನಂತಿ. ಬರುವ ಹಂಗಾಮಿಗೆ ನಮ್ಮ ಸದಸ್ಯರ ಪ್ರತಿ ಟ್ರೇಲರಿನ ಹಿಂದೆ ಕೆಂಪು ಹೊಳೆಯುವ ಪಟ್ಟಿಯನ್ನು ಸಂಘದಿಂದಲೇ ಹಚ್ಚಿಸೋಣ. ಒಂದು ಹಣೆ ಉಳಿದರೂ ಬೆಳ್ಳಿಹಬ್ಬ ಸಾರ್ಥಕ.

ಜೈ ಸಹಕಾರ.