ಪಿಕಪ್ ವಾಹನಕ್ಕೆ ಹೊಸ ಟೈರು

ನಾಸಿಕದಿಂದ ವಾಶಿಯ ಸಗಟು ಮಾರುಕಟ್ಟೆಗೆ ಈರುಳ್ಳಿ ತರುವ ಪಿಕಪ್ ವಾಹನದಲ್ಲಿ ಹೊರೆಯ ಬಹುಪಾಲು ಬೀಳುವುದು ಹಿಂಬದಿಯ ಎರಡು ಚಕ್ರಗಳ ಮೇಲೆ. ಹೀಗಿದ್ದೂ ಸವೆದ ಟೈರನ್ನು ಬದಲಿಸುವಾಗ ಅನೇಕ ಮಾಲೀಕರು ಬೆಲೆಯನ್ನೂ ಅಂದವನ್ನೂ ವಿಚಾರಿಸುವರೇ ಹೊರತು, ಟೈರಿನ ಪಾರ್ಶ್ವದಲ್ಲಿ ಅಳತೆಯ ಮುಂದೆ ಅಚ್ಚೊತ್ತಿರುವ ಭಾರಸೂಚಿಯನ್ನು ಓದುವುದಿಲ್ಲ.

ಈ ಸೂಚಿಯು ಒಂದು ಸಂಕೇತ. 95 ಎಂದಿದ್ದರೆ ಒಂದು ಟೈರು ಹೊರಬಲ್ಲದ್ದು 690 ಕಿಲೋ. 106 ಎಂದಿದ್ದರೆ 950 ಕಿಲೋ. ಹಿಂಬದಿಯ ಎರಡೂ ಟೈರುಗಳನ್ನು ಕೂಡಿ ನೋಡಿದರೆ ಅಂತರ 520 ಕಿಲೋ! ಅಳತೆ ಸರಿಹೊಂದಿತೆಂದು ಕಾರಿನ ಟೈರನ್ನು ತೊಡಿಸಿದರೆ, ಮಿತಿಮೀರಿದ ಭಾರಕ್ಕೆ ಅದರ ಪಾರ್ಶ್ವ ಪದೇ ಪದೇ ಬಾಗಿ ಒಳಗಿಂದೊಳಗೇ ಕಾಯುತ್ತದೆ. ಬೇಸಗೆಯ ಮಧ್ಯಾಹ್ನ, ಹೆದ್ದಾರಿಯ ವೇಗದಲ್ಲಿ ಸಿಡಿಯುತ್ತದೆ. ಗಾಳಿ ಕಡಿಮೆಯಿದ್ದರೂ ಇದೇ ಗತಿ. ವಾಹನದ ಕೈಪಿಡಿಯಲ್ಲಿರುವ ಸೂಚಿಗಿಂತ ಕಡಿಮೆಯದನ್ನು ಕೊಳ್ಳುವುದು ಉಳಿತಾಯವಲ್ಲ.

ಅಲಾಯ್ ಚಕ್ರಗಳಿಗೂ ಭಾರದ ಮಿತಿಯುಂಟು. ಹೊರಚಾಚಿದ ಅಗಲ ಚಕ್ರ ನೋಡಲು ಠೀವಿಯೇ ಸರಿ. ಆದರೆ ಬೇರಿಂಗುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಹೊರೆ ಸಾಗಿಸುವ ವಾಹನಕ್ಕೆ ತಯಾರಕರು ಸೂಚಿಸಿದ ಉಕ್ಕಿನ ಚಕ್ರವೇ ಲೇಸು.

ಅಗ್ಗದ ದರದಲ್ಲಿ ಹಳೆಯ ದಾಸ್ತಾನು ಕೈಸೇರುವುದೂ ಉಂಟು. ತಯಾರಿಕೆಯ ಸಂಖ್ಯೆ 2319 ಎಂದಿದ್ದರೆ, ಅದು 2019ರ 23ನೆಯ ವಾರದ ಟೈರು. ಹಣ ಎರಡಕ್ಕೆ ಮಾತ್ರ ಸಾಲುವುದಾದರೆ ಹೊಸ ಜೋಡಿ ಹಿಂಬದಿಗೇ ಸಲ್ಲಬೇಕು.