ಹಿತ್ತಲಲ್ಲೊಂದು ಎರೆಹುಳು ತೊಟ್ಟಿ
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಶಿಡ್ಲಘಟ್ಟ ಸೀಮೆಯವರಾದ ನಾವು ರೇಷ್ಮೆಹುಳುವನ್ನು ಮಕ್ಕಳಂತೆ ಸಾಕ್ತೀವಿ. ಎರೆಹುಳುವನ್ನು ಮಾತ್ರ ಮರೆತೆವು. ಮೊದಲ ಸಲ ತೊಟ್ಟಿಗೆ ಹಸಿ ಸಗಣಿಯನ್ನೂ ಸುಣ್ಣ ಉದುರಿಸಿದ ಹುಳುಮನೆ ಕಸವನ್ನೂ ಸುರಿದೆವು. ಸಗಣಿಯ ಕಾವಿಗೆ, ಸುಣ್ಣದ ಉರಿಗೆ ವಾರದಲ್ಲೇ ಎರೆಹುಳು ಸತ್ತವು. ತಪ್ಪು ನಮ್ಮದೇ.

ಆಮೇಲೆ ಕಲಿತೆವು. ತೊಟ್ಟಿ ನೆರಳಲ್ಲಿರಲಿ, ತಳದಲ್ಲಿ ನೀರು ಬಸಿಯೋಕೆ ತೂತಿರಲಿ. ಕೆಳಗೆ ತೆಂಗಿನ ನಾರು. ಮೇಲೆ ಮೂರು ವಾರ ಕಳಿತ ಸಗಣಿ, ಸುಣ್ಣ ಸೋಕದ ಉಳಿಕೆ ಸೊಪ್ಪು, ತರಕಾರಿ ಸಿಪ್ಪೆ. ಅದರ ಮೇಲೆ ಒದ್ದೆ ಗೋಣಿ. ಹಿಂಡಿದರೆ ಅಂಗೈ ತೇವವಾಗಬೇಕು, ನೀರು ಸುರಿಯಬಾರದು. ಎರಡು ಮೂರು ತಿಂಗಳಿಗೆ ಟೀಪುಡಿಯಂಥ ಗೊಬ್ಬರ ಸಿಗುತ್ತೆ.

ಬೋರ್‌ವೆಲ್ ಬತ್ತೋ ನಮ್ಮ ನಾಡಲ್ಲಿ ತೇವ ಹಿಡಿಯೋ ಮಣ್ಣೇ ಠೇವಣಿ. ನಮ್ಮ ತೊಟ್ಟಿಯಿಂದ ಒಂದು ಬೊಗಸೆ ಹುಳು ಒಯ್ಯಿರಿ. ಅವು ಹೆಚ್ಚಿದ ಮೇಲೆ ಪಕ್ಕದ ಮನೆಗೆ ಒಂದು ಬೊಗಸೆ ಕೊಡಿ. ಸಹಕಾರ ಅಂದರೆ ಇದೇ.